ಗೋಧೂಳಿಯಲ್ಲಿ ನೋಡಿದ ಮನೆ

ಬಸಲಿಂಗವ್ವ ಜರ್ಮನಿಯ ರೆನ್ನಿಂಗೆನ್ನಿಗೆ, ಮಗನ ಮನೆಗೆ, ಬಂದ ಮರುದಿನವೇ, ಬೆಳಗಿನ ಹತ್ತರ ಹೊತ್ತಿಗೆ, ಹುಬ್ಬಳ್ಳಿಯಿಂದ ತಂದ ಜೋಳದ ಹಿಟ್ಟಿನ ಚೀಲ ಬಿಚ್ಚಿ ರೊಟ್ಟಿ ಬಡಿಯಲು ನಿಂತರು. ತಮ್ಮ ರೊಟ್ಟಿಯ ಸಪ್ಪಳ ಓಣಿಯ ಆ ತುದಿಗೂ ಕೇಳಬೇಕು ಎಂಬುದು ಅವರ ಹೆಮ್ಮೆ. ಇಲ್ಲಿ ಎರಡನೇ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಮಲಗುವ ಕೋಣೆಯ ಬಾಗಿಲು ತೆರೆಯಿತು. ಸೊಸೆ ವಿಜಯಶ್ರೀ ಗೋಡೆ ಹಿಡಿದುಕೊಂಡು ನಿಂತಿದ್ದಳು.

“ಅತ್ತಿ, ಈಗರ ಕಣ್ಣ ಹತ್ತಿದ್ದೂರಿ.”

“ಅಯ್ಯ ನಮ್ಮವ್ವಾ, ಮರತೇಬಿಟ್ಟೆ ನೋಡು. ಹೋಗು, ಮಲಕೋ ಹೋಗು.”

ವಿಜಯಶ್ರೀ ಪಕ್ಕದ ಊರಿನ ವೃದ್ಧಾಶ್ರಮದಲ್ಲಿ ನರ್ಸು. ಮಗಳು ಸಂಜನಾ ಚಿಕ್ಕವಳಿದ್ದಾಗ, ಶಾಲೆ ಮಧ್ಯಾಹ್ನವೇ ಬಿಡುತ್ತದೆ, ಮನೆಯಲ್ಲಿ ಯಾರಾದರೂ ಇರಬೇಕು ಎಂದು ರಾತ್ರಿ ಪಾಳಿ ಹಿಡಿದವಳು. ಸಂಜನಾಗೆ ಈಗ ಹದಿಮೂರು. ಪಾಳಿ ಮಾತ್ರ ಹಾಗೇ ಉಳಿದಿದೆ. ಬೆಳಗ್ಗೆ ಏಳಕ್ಕೆ ಬರುತ್ತಾಳೆ, ಮಗಳ ಬುತ್ತಿ ಕಟ್ಟುತ್ತಾಳೆ, ಗಂಡ ಸಿದ್ದಲಿಂಗೇಶ ಬಿಟ್ಟುಹೋದ ಕಾಫಿ ಲೋಟ ತೊಳೆಯುತ್ತಾಳೆ, ಕಿಟಕಿಯ ಶಟರ್ ಇಳಿಸಿ ಮಲಗುತ್ತಾಳೆ. ಹಗಲು ಮಲಗುವವರ ನಿದ್ದೆಗೆ ಜಗತ್ತಿನಲ್ಲಿ ಮರ್ಯಾದೆಯಿಲ್ಲ. ಪಾರ್ಸೆಲ್‌ನವನು ಬೆಲ್ಲು ಒತ್ತುತ್ತಾನೆ, ಕೆಳಗಿನ ಮನೆಯವರು ಹುಲ್ಲು ಕತ್ತರಿಸುತ್ತಾರೆ, ಗಂಡ ಆಫೀಸಿನಿಂದ ಫೋನು ಮಾಡಿ “ಮಲಗಿದ್ದೇನು?” ಎಂದು ಕೇಳುತ್ತಾನೆ.

ಬಸಲಿಂಗವ್ವ ಅಂದಿನಿಂದ ರೊಟ್ಟಿಯನ್ನು ಸಂಜೆಗೆ ತಳ್ಳಿದರು. ಕಷ್ಟವಾದದ್ದು ಮಾವ ಶಿವಪ್ಪನವರಿಗೆ. ಬಸ್ ಡಿಪೋದ ಮ್ಯಾನೇಜರಾಗಿ ನಿವೃತ್ತರಾದ ಅವರಿಗೆ ಮಧ್ಯಾಹ್ನ ಬಿಸಿ ರೊಟ್ಟಿ, ಎಣಗಾಯಿ ಬೇಕೇಬೇಕು. ಅಷ್ಟೇ ಅಲ್ಲ, ಅವರು ಮಾತಾಡಿದರೆ ಬಸ್ಸಿನ ಹಿಂದಿನ ಸೀಟಿಗೂ ಕೇಳಬೇಕು. ಈ ಮನೆಯಲ್ಲಿ ಅವರಿಗೆ ನಿನ್ನೆಯ ತಣ್ಣನೆ ರೊಟ್ಟಿಯೂ ಸಿಕ್ಕಿತು, “ಸಾವಕಾಶ ಮಾತಾಡ್ರಿ” ಎಂಬ ಹೆಂಡತಿಯ ಬೈಗುಳವೂ ಸಿಕ್ಕಿತು.

“ಮೂರ ತಿಂಗಳ ವೀಸಾದಾಗ ನಾ ಮೂಕನಾಗಿ ಹೊಕ್ಕೇನಿ,” ಎಂದು ಅವರು ಗೊಣಗುತ್ತಿದ್ದರು.

ಇಷ್ಟರಲ್ಲಿ ಮನೆಯ ಮಾಲೀಕ ಒಂದು ಸಂಜೆ ಬಂದು, ಬಹಳ ವಿನಯದಿಂದ, ತನ್ನ ಮಗಳು ಮದುವೆಯಾಗಿ ಇದೇ ಮನೆಗೆ ಬರಲಿದ್ದಾಳೆ, ಡಿಸೆಂಬರ್ ಕೊನೆಗೆ ಖಾಲಿ ಮಾಡಿಕೊಡಬೇಕು ಎಂದು ಹೇಳಿಹೋದ. ಮಾಲೀಕನಿಗೇ ಮನೆ ಬೇಕಾದರೆ ಬಾಡಿಗೆಯವರು ಹೊರಡಬೇಕು, ಕಾನೂನು ಹಾಗೇ ಇದೆ. ಸಿದ್ದಲಿಂಗೇಶ ಸುತ್ತಮುತ್ತ ಹುಡುಕಿದ. ಒಂದೊಂದು ಬಾಡಿಗೆ ಮನೆಗೂ ಜಾತ್ರೆಯಷ್ಟು ಜನ. ವಾರಗಟ್ಟಲೆ ಅಲೆದು, ಒಂದು ದಿನ ಊಟದ ಮುಂದೆ ಫೋನು ಹಿಡಿದು ಕೂತ.

“ಬಾಡಿಗಿ ಬ್ಯಾಡ. ತಗೊಂಡಬಿಡೋಣು. ಇಲ್ಲೊಂದ ಮನಿ ಅದ. ಮೂರ ಬೆಡ್‌ರೂಮು, ಮ್ಯಾಲ ಅಟ್ಟ, ಹಿತ್ತಲ. ಇಲ್ಲಿಯ ಅರ್ಧ ರೇಟಿನಾಗ.”

“ಅರ್ಧಕ್ಯಾಕ ಕೊಡತಾರ?” ಎಂದಳು ವಿಜಯಶ್ರೀ. ಅವಳು ಆಗಷ್ಟೇ ಎದ್ದು ಚಹಾ ಕುಡಿಯುತ್ತಿದ್ದಳು. ಅವಳ ಬೆಳಗು ಅವರ ರಾತ್ರಿಯೂಟಕ್ಕೆ ಹೊಂದಿಕೊಂಡಿತ್ತು.

“ಸ್ವಲ್ಪ ದೂರ. ಕಾರಿನ್ಯಾಗ ಒಂದ ತಾಸು. ಮತ್ತ ಬಾಜೂಕ ಸಣ್ಣ ಏರ್‌ಪೋರ್ಟ್ ಅದ.”

ಶಿವಪ್ಪನವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಏನಂದಿ? ಏರ್‌ಪೋರ್ಟ?”

ಮುಂದಿನದನ್ನು ತಡೆಯಲು ಯಾರಿಂದಲೂ ಸಾಧ್ಯವಿರಲಿಲ್ಲ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣದ ಕಡೆ, ಹಂದಿಯೂ ಓಡಾಡದ ಕಾಲದಲ್ಲಿ, ಎಲ್ಲರೂ ನಗುತ್ತಿರುವಾಗ, ಶಿವಪ್ಪನವರು ಎರಡು ಸೈಟು ಹಿಡಿದಿದ್ದರು. ಒಂದನ್ನು ಮಾರಿ ಮಗನನ್ನು ಎಂ.ಎಸ್. ಓದಲು ಜರ್ಮನಿಗೆ ಕಳಿಸಿದರು, ಇನ್ನೊಂದರಲ್ಲಿ ಈಗ ಬಾಡಿಗೆಯ ಕಟ್ಟಡವಿದೆ. ಮನುಷ್ಯ ಕೆಟ್ಟವರಲ್ಲ. ತಾವು ಒಮ್ಮೆ ಗೆದ್ದ ಜೂಜನ್ನೇ ಜಗತ್ತಿನ ಕಾಯಿದೆ ಎಂದು ತಿಳಿದವರು.

“ವಿಮಾನ ಬಂತು ಅಂದ್ರ ಲಕ್ಷ್ಮಿ ಬಂದಂಗ. ಇವತ್ತ ಅರ್ಧ ರೇಟು, ನಾಳಿ ಹತ್ತಪಟ್ಟು. ಸಿದ್ದೂ, ಬಿಡಬ್ಯಾಡ ಅದನ್ನ.”

“ಅಜ್ಜಾ, ಇಲ್ಲಿ ಅದು ಉಲ್ಟಾ,” ಎಂದಳು ಸಂಜನಾ. “ಏರ್‌ಪೋರ್ಟ್ ಹತ್ರ ಇದ್ರೆ ಚೀಪ್. ನಾಯ್ಸ್ ಇರತ್ತಲ್ಲ. ನಮ್ ಜಿಯಾಗ್ರಫಿಲಿ ಇದೆ.”

“ನಿಮ್ಮ ಜಿಯಾಗ್ರಫಿ ನನಗ ಹೇಳಬ್ಯಾಡ. ಭೂಮಿ ಎಲ್ಲಾ ಕಡೆ ಭೂಮೀನ.”

“ಮತ್ತ ರಾತ್ರಿ ಒಂದೂ ವಿಮಾನ ಹಾರಾಂಗಿಲ್ಲಂತ,” ಎಂದ ಸಿದ್ದಲಿಂಗೇಶ ಉತ್ಸಾಹದಿಂದ. “ಕಾನೂನನ ಹಂಗದ. ಹನ್ನೊಂದರಿಂದ ಮುಂಜಾನಿ ಆರರ ತನಕ ಬಂದ್. ಆರಾಮ ನಿದ್ದಿ.”

“ಮತ್ತೇನ ಬೇಕು!” ಎಂದರು ಶಿವಪ್ಪನವರು.

ವಿಜಯಶ್ರೀ ಚಹಾದ ಲೋಟ ಸಿಂಕಿಗೆ ಹಾಕಿ ಯೂನಿಫಾರ್ಮ್ ಇಸ್ತ್ರಿ ಮಾಡಲು ಹೋದಳು. ಹೇಳಬೇಕಾದ ಮಾತು ಅವಳಿಗೆ ಆಗಲೇ ಹೊಳೆದಿತ್ತು. ಆದರೆ ಹೇಳಿದರೆ ಒಂದು ತಾಸು ವಾದ, ಬಸ್ಸಿಗೆ ಇದ್ದದ್ದು ಇಪ್ಪತ್ತು ನಿಮಿಷ. ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಮನೆ ನೋಡುವುದು ಸುಮ್ಮನೆ ಆಗುವ ಕೆಲಸವಲ್ಲ. ಹುಬ್ಬಳ್ಳಿಯ ಮಹಾಲಿಂಗಪ್ಪ ಶಾಸ್ತ್ರಿಗಳು ಹೊತ್ತು ಹೇಳಬೇಕು. ಅವರು ವಾಟ್ಸಾಪಿನಲ್ಲಿ ವಿಚಾರಿಸಿ, ದಿಕ್ಕು ಕೇಳಿ, ಸಿದ್ದಲಿಂಗೇಶನ ನಕ್ಷತ್ರ ನೋಡಿ, ಈ ಮನೆಯ ಹೊಸ್ತಿಲನ್ನು ಗೋಧೂಳಿಯಲ್ಲೇ ತುಳಿಯಬೇಕು, ಬೇರೆ ಹೊತ್ತು ಕೂಡದು ಎಂದು ತೀರ್ಪು ಕೊಟ್ಟರು.

“ಗೋಧೂಳಿ ಅಂದ್ರೆ?” ಎಂದಳು ಸಂಜನಾ.

“ದನ ಮನಿಗೆ ಬರೂ ಹೊತ್ತು. ಧೂಳ ಏಳತದಲ್ಲ, ಅದು.”

“ಇಲ್ಲಿ ದನ ಮನೇಲೇ ಇರತ್ತೆ ಅಜ್ಜಾ. ಧೂಳೇ ಇಲ್ಲ.”

“ಶರಣರು ಇದನ್ನೆಲ್ಲಾ ನೋಡಬ್ಯಾಡ ಅಂದಾರ್ರಿ,” ಎಂದು ಬಸಲಿಂಗವ್ವ ಕೆಣಕಿದರು.

“ಶರಣರಿಗೆ ಬ್ಯಾಂಕಿನ ಸಾಲ ಇರಲಿಲ್ಲ,” ಎಂದರು ಶಿವಪ್ಪನವರು.

ಹೀಗೆ ಸೆಪ್ಟೆಂಬರಿನ ಒಂದು ಸಂಜೆ, ಹೊತ್ತು ಮುಳುಗುವಾಗ, ಐವರೂ ಕಾರು ಹತ್ತಿ ಆ ಹಳ್ಳಿಗೆ ಹೋದರು. ಮೊದಲು ಅದು ಮಿಲಿಟರಿಯವರ ವಿಮಾನದ ಬಯಲಾಗಿತ್ತಂತೆ. ಈಗ ಸಮುದ್ರದ ಕಡೆ ರಜೆಗೆ ಹೋಗುವವರನ್ನು ಹೊತ್ತು ಅಗ್ಗದ ವಿಮಾನಗಳು ಹಾರುತ್ತವೆ. ಕೋಸು ಬೆಳೆಯುತ್ತಿದ್ದ ಹೊಲಗಳಲ್ಲಿ ಗೂಟ ನೆಟ್ಟಿದ್ದರು. ಒಂದು ಹೊಸ ಹೋಟೆಲು, ಎರಡು ಪಾರ್ಕಿಂಗ್ ಕಟ್ಟಡ, ಪಾರ್ಸೆಲ್ ಕಂಪನಿಯದೊಂದು ಕಿಟಕಿಯಿಲ್ಲದ ಉದ್ದನೆಯ ಗೋದಾಮು. ಹಳೆಯ ಬೇಕರಿಗೆ ಬೀಗ ಬಿದ್ದು, ಅದರ ಜಾಗದಲ್ಲಿ ಬಾಡಿಗೆ ಕಾರಿನ ಆಫೀಸು ಬಂದಿತ್ತು. ಶಿವಪ್ಪನವರು ಕಾರಿನ ಗಾಜು ಇಳಿಸಿ, ಪ್ರತಿ ಗೂಟವನ್ನೂ ಸ್ವಂತದ್ದೆಂಬಂತೆ ನೋಡಿದರು.

“ನೋಡು ನೋಡು, ನಮ್ಮ ಹುಬ್ಬಳ್ಳಿ ಗೋಕುಲ ರೋಡ ಹಿಂಗ ಶುರುವಾಗಿದ್ದು.”

ಮನೆ ನಿಜವಾಗಿಯೂ ಚೆನ್ನಾಗಿತ್ತು. ಹಿತ್ತಿಲಲ್ಲಿ ಸೇಬಿನ ಗಿಡ, ಮೇಲೆ ಸಂಜನಾಗೆ ಬೇಕಾದಂಥ ಇಳಿಜಾರು ಸೂರಿನ ಕೋಣೆ. ಬ್ರೋಕರ್ ಹೆಂಗಸು ದೀಪ ಹಾಕುತ್ತಾ ಬಂದಳು. “ಎಲ್ಲರೂ ಬೆಳಕಿನಲ್ಲಿ ನೋಡಲು ಬರುತ್ತಾರೆ, ನೀವು ಕತ್ತಲಾಗುವಾಗ ಬರುತ್ತೀರಿ,” ಎಂದು ನಕ್ಕಳು. ಹೊರಗೆ ಎಲ್ಲೋ ಒಂದು ಹಕ್ಕಿ ಕೂಗಿತು, ಅಷ್ಟೇ. ಅವಳೂ ಅದನ್ನೇ ಹೇಳಿದಳು, ರಾತ್ರಿ ಒಂದೂ ವಿಮಾನವಿಲ್ಲ. ಅದು ಸುಳ್ಳಲ್ಲ. ರಜೆಯ ವಿಮಾನಗಳು ಬೆಳಗ್ಗೆ ಆರಕ್ಕೆ ಶುರುವಾದರೆ ಮಧ್ಯಾಹ್ನದವರೆಗೆ ಸಾಲುಗಟ್ಟಿ ಹಾರುತ್ತವೆ, ಸಂಜೆಗೆ ಎಲ್ಲ ಮುಗಿದಿರುತ್ತದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎರಡನೇ ಸಲವೂ ಗೋಧೂಳಿಯಲ್ಲೇ ಹೋದರು. ವಿಜಯಶ್ರೀ ಎರಡೂ ಸಲ ಡ್ಯೂಟಿಗೆ ತಡವಾಗುತ್ತದೆಂದು ಗಡಿಯಾರ ನೋಡುತ್ತ ಮನೆ ನೋಡಿದಳು.

ಬ್ಯಾಂಕಿನವರು ಒಪ್ಪಿದರು. ಗಂಡ ಹೆಂಡತಿ ಇಬ್ಬರ ಸಂಬಳವೂ, ಅವಳ ರಾತ್ರಿ ಪಾಳಿಯ ಹೆಚ್ಚುವರಿ ದುಡ್ಡೂ ಸೇರಿದರೆ ಸರಿಹೋಗುತ್ತದೆ ಎಂದರು. ಇನ್ನು ಉಳಿದದ್ದು ಖರೀದಿ ಪತ್ರ ಮಾಡಿಕೊಡುವ ನೋಟಾರ್ ಮುಂದೆ ಸಹಿ.

ಈ ದೇಶದಲ್ಲಿ ಮನೆ ಮಾರುವವರು ಅಡಿಗೆಮನೆಯ ಕಟ್ಟೆ, ಕಪಾಟು, ಒಲೆ ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತಾರೆ. ಹೊಸದರ ಅಳತೆ ತೆಗೆಯುವವನು ಬರುವುದು ಅವನ ಹೊತ್ತಿಗೆ. ಅಕ್ಟೋಬರಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇನೆಂದ. ಅಳತೆ ತೆಗೆಯುವುದಕ್ಕೆ ಮುಹೂರ್ತ ಬೇಡವೆಂದು ಶಿವಪ್ಪನವರು ವಿನಾಯಿತಿ ಕೊಟ್ಟು ಮನೆಯಲ್ಲೇ ಉಳಿದರು. ವಿಜಯಶ್ರೀ ಮಲಗಿದ್ದಳು. ಸಿದ್ದಲಿಂಗೇಶ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಹೋದ.

ಬಸಲಿಂಗವ್ವ ಖಾಲಿ ಅಡಿಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುವ ಕಟ್ಟೆ ಎಷ್ಟು ಎತ್ತರವಿರಬೇಕೆಂದು ಕೈಯಲ್ಲಿ ತೋರಿಸುತ್ತಿದ್ದರು. ಅಷ್ಟರಲ್ಲಿ ಸೂರಿನ ಮೇಲೆ ಏನೋ ಬಿದ್ದಂತಾಯಿತು. ಕಿಟಕಿಯ ಗಾಜು ನಡುಗಿತು, ಅಳತೆಯವನು ಮಾತು ನಿಲ್ಲಿಸಿ ತಲೆ ತಗ್ಗಿಸಿ ಕಾದ. ರೂಢಿಯಾದವನಂತೆ ಕಾದ. ವಿಮಾನದ ಹೊಟ್ಟೆ ಹಿತ್ತಿಲ ಸೇಬಿನ ಗಿಡದ ಮೇಲಿಂದ ಹೋಯಿತು. ಬಸಲಿಂಗವ್ವ ಎದೆ ಮೇಲೆ ಕೈಯಿಟ್ಟುಕೊಂಡು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಅಳತೆ ಮುಗಿಯುವವರೆಗೆ ಅದು ನಿಲ್ಲಲಿಲ್ಲ.

ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು. ಬಸಲಿಂಗವ್ವ ಮೊಮ್ಮಗಳ ಕೈಯಲ್ಲಿ ಕೇಳಿಸಿದರು, ಇದು ದಿನಾ ಹೀಗೆಯೋ? ಸಂಜನಾ ಕೂಗಿ ಕೂಗಿ ಕೇಳಿದಳು. ಆ ಅಜ್ಜಿ ಜೇಬಿನಿಂದ ಕಿವಿಯ ಯಂತ್ರ ತೆಗೆದು ಹಾಕಿಕೊಂಡು, ಮತ್ತೊಮ್ಮೆ ಕೇಳಿಸಿಕೊಂಡು, ನಗುತ್ತ ಉತ್ತರ ಕೊಟ್ಟಳು.

“ಏನಂತಾಳ?”

“ಮಧ್ಯಾಹ್ನ ಊಟದ ತನಕ ನಾನು ಇದನ್ನ ಹಾಕ್ಕೊಳ್ಳೋದೇ ಇಲ್ಲ ಅಂತಾರೆ ಅಜ್ಜಿ.”

ಬಸಲಿಂಗವ್ವ ನಗಲಿಲ್ಲ. ಕಾರಿನಲ್ಲಿ ಕೂತ ಮೇಲೆ ಮಗನನ್ನು ಕೇಳಿದರು. “ಸಿದ್ದೂ, ಹಗಲ ಹಿಂಗಾದ್ರ ಹೆಂಗೋ?”

“ಹಗಲ ಯಾರಿರತಾರ ಬೇ ಮನ್ಯಾಗ? ನಾ ಆಫೀಸು, ಇಕಿ ಸಾಲಿ.”

“ವಿಜಿ ಇರತಾಳಲಾ.”

ಸಿದ್ದಲಿಂಗೇಶ ಕಾರನ್ನು ಹೆದ್ದಾರಿಗೆ ಹತ್ತಿಸಿದ. ಅವನಿಗೆ ಅದು ನಿಜವಾಗಿಯೂ ನೆನಪಾಗಿರಲಿಲ್ಲ. ಅದಕ್ಕೇ ಅವನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೇ ಸಿಟ್ಟು ಬಂತು.

“ರೂಢಿ ಆಗತದ ಬೇ. ಸುಮ್ನ ನೀ ತಲ್ಯಾಗ ಹುಳಾ ಬಿಡಬ್ಯಾಡ.”

ಬಸಲಿಂಗವ್ವ ಹುಳ ಬಿಟ್ಟೇಬಿಟ್ಟರು. ಅಂದು ಸಂಜೆ, ರೊಟ್ಟಿ ಬಡಿಯುತ್ತ, ಎಲ್ಲರ ಮುಂದೆ ಹೇಳಿದರು. ಅಡಿಗೆಮನೆಯಲ್ಲಿ ಜಗಳ ಹೊತ್ತಿಕೊಂಡಿತು.

“ಆ ಮನ್ಯಾಗ ಹೆಣಾನೂ ಎದ್ದು ಕೂಡತದ. ವಿಜಿ ಹೆಂಗ ಮಲಗಬೇಕು?”

“ಸದ್ದಿಗೆ ಹೆದರಿ ಬಂಗಾರ ಬಿಡತಾರೇನು?” ಎಂದರು ಶಿವಪ್ಪನವರು. “ಹತ್ತ ವರ್ಷ ಹಲ್ಲ ಕಚ್ಚಿ ಇದ್ದರ ಆ ಪಾರ್ಸಲ್‌ನವರ ಬಂದು ಕೈ ಮುಗದು ತಗೋತಾರ.”

“ಅಪ್ಪಾ ಹೇಳೂದ ಖರೆ,” ಎಂದ ಸಿದ್ದಲಿಂಗೇಶ. “ವಿಜಿ, ನೀ ಹಗಲ ಪಾಳಿ ತಗೋ. ಮುಗೀತಲ್ಲ.”

ವಿಜಯಶ್ರೀ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು.

“ಸಂಜು ಆರನೇತ್ತಾಗ ಇದ್ದಾಗಿಂದ ಹಗಲ ಪಾಳಿ ತಗೋತೀನಿ ಅಂದೆ. ಹೆಚ್ಚಿನ ರೊಕ್ಕ ಹೊಕ್ಕದ ಅಂತ ಬ್ಯಾಡಂದವರು ನೀವ. ಈಗ ಬ್ಯಾಂಕಿನವರು ಏನಂದಾರ? ನನ್ನ ರಾತ್ರಿ ಪಾಳಿ ರೊಕ್ಕ ಹಿಡದನ ಸಾಲ ಕೊಡಾಕತ್ತಾರ. ರಾತ್ರಿ ಕೆಲಸ ಬಿಟ್ಟರ ಆ ಮನಿ ಸಿಗಾಂಗಿಲ್ಲ. ರಾತ್ರಿ ಕೆಲಸ ಮಾಡಿದರ ಆ ಮನ್ಯಾಗ ನನಗ ನಿದ್ದಿ ಸಿಗಾಂಗಿಲ್ಲ. ಇದರಾಗ ಯಾವದ ಮಾಡಲಿ, ನೀವ ಹೇಳ್ರಿ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

“ಮಮ್ಮಿ ಈಸ್ ರೈಟ್,” ಎಂದಳು ಸಂಜನಾ.

“ನೀ ಸುಮ್ಕಿರು,” ಎಂದ ಅಪ್ಪ. ಆಮೇಲೆ ಧ್ವನಿ ಇಳಿಸಿ, “ಡಿಸೆಂಬರದಾಗ ಎಲ್ಲಿ ಹೋಗೂದು ಮತ್ತ? ಅದನ್ನರ ಹೇಳು.”

ಅವನ ದಣಿವೂ ಸುಳ್ಳಾಗಿರಲಿಲ್ಲ. ಎಷ್ಟೋ ಮನೆಗಳ ಬಾಗಿಲಲ್ಲಿ ಸಾಲಿನಲ್ಲಿ ನಿಂತು, ಕೈ ಕುಲುಕಿ, ನಕ್ಕು, ಬರಿಗೈಯಲ್ಲಿ ಬಂದಿದ್ದ. ವಿಜಯಶ್ರೀಗೆ ಅದು ಗೊತ್ತಿತ್ತು. ಬಸ್ಸಿನ ಹೊತ್ತೂ ಆಗಿತ್ತು. “ಏನರ ಮಾಡ್ರಿ,” ಎಂದು ಕೋಟು ಹಾಕಿಕೊಂಡಳು. ಏನರ ಮಾಡ್ರಿ ಎಂದರೆ ಒಪ್ಪಿಗೆ ಎಂದು ಮನೆಯ ಗಂಡಸರು ಅರ್ಥ ಮಾಡಿಕೊಂಡರು. ಅವರಿಗೆ ಅದು ಅನುಕೂಲವಾಗಿತ್ತು.

ಅಂದಿನಿಂದ ಬಸಲಿಂಗವ್ವ ಗಂಡನ ಜತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಶೇಂಗಾ ಚಟ್ನಿಯ ಡಬ್ಬಿಯನ್ನು ಅವರ ಮುಂದೆ ಕುಕ್ಕಿ ಇಡುತ್ತಿದ್ದರು.

ಸಹಿಗೆ ಹೊತ್ತು ಕೊಟ್ಟವರೂ ಮಹಾಲಿಂಗಪ್ಪ ಶಾಸ್ತ್ರಿಗಳೇ. ಗುರುವಾರ, ನಡು ಮಧ್ಯಾಹ್ನ, ಅಭಿಜಿನ್ ಮುಹೂರ್ತ. ಅದಕ್ಕಿಂತ ಶ್ರೇಷ್ಠವಾದದ್ದು ಆ ತಿಂಗಳಲ್ಲೇ ಇಲ್ಲ. ನೋಟಾರ್ ಆಫೀಸಿನಲ್ಲೂ ಆ ಹೊತ್ತು ಖಾಲಿ ಸಿಕ್ಕಿತು. ಶಿವಪ್ಪನವರು ಇದೇ ಶುಭಶಕುನ ಎಂದರು. ವಿಜಯಶ್ರೀಗೆ ಅದು ರಾತ್ರಿ ಎರಡು ಗಂಟೆ ಇದ್ದ ಹಾಗೆ. ಹಿಂದಿನ ರಾತ್ರಿ ಆಶ್ರಮದಲ್ಲಿ ಒಬ್ಬ ಮುದುಕರು ತೀರಿಕೊಂಡಿದ್ದರು, ಅವರ ಮಕ್ಕಳು ಬರುವವರೆಗೆ ಅವಳು ಹೊರಟಿರಲಿಲ್ಲ. ಮನೆಗೆ ಬಂದು, ಸ್ನಾನ ಮಾಡಿ, ಇಳಕಲ್ ಸೀರೆಯುಟ್ಟು, ಹಾಗೇ ಕಾರಿನಲ್ಲಿ ಕೂತಳು.

ನೋಟಾರ್ ಬಿಳಿ ಗಡ್ಡದ ಸಾಧು ಮನುಷ್ಯ. ಮನೆಮಂದಿಯೆಲ್ಲ ಬಂದದ್ದು ನೋಡಿ ಬೇರೆ ಕೋಣೆಯಿಂದ ಕುರ್ಚಿ ತರಿಸಿದ. ಮಾರುವವರು ಒಂದು ಕಡೆ, ಕೊಳ್ಳುವವರು ಒಂದು ಕಡೆ, ಹಿಂದೆ ಅಜ್ಜ, ಅಜ್ಜಿ, ಸಂಜನಾ. ಇಲ್ಲಿ ಖರೀದಿ ಪತ್ರವನ್ನು ನೋಟಾರ್ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲೇಬೇಕು, ಎಲ್ಲರೂ ಕೇಳಲೇಬೇಕು. ಅವನು ಏರಿಳಿತವಿಲ್ಲದ ದನಿಯಲ್ಲಿ, ಒಂದೇ ವೇಗದಲ್ಲಿ, ಸುಪ್ರಭಾತ ಹೇಳುವವನಂತೆ ಓದಿದ. ಕೋಣೆ ಬೆಚ್ಚಗಿತ್ತು.

ಮೊದಲು ನೋಡಿದವರು ಶಿವಪ್ಪನವರು. ಅವರಿಗೆ ಜರ್ಮನ್ ಒಂದಕ್ಷರ ತಿಳಿಯದು, ಹಾಗಾಗಿ ನೋಡುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಸೊಸೆಯ ತಲೆ ನಿಧಾನಕ್ಕೆ ಒಂದು ಕಡೆ ವಾಲಿತು. ಬಾಯಿ ಸ್ವಲ್ಪ ತೆರೆದಿತ್ತು. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಅವರು ಆಕೆ ಮಲಗಿದ್ದನ್ನು ನೋಡಿರಲಿಲ್ಲ. ನೋಡಿದ್ದು ಮುಚ್ಚಿದ ಬಾಗಿಲನ್ನು ಮಾತ್ರ. ಮೂವತ್ತೆಂಟರ ಹೆಂಗಸು ತಮ್ಮ ಹೆಂಡತಿಗಿಂತ ಮುದಿಯಾಗಿ ಕಾಣುತ್ತಿದ್ದಾಳೆ ಎಂದು ಅವರಿಗೆ ಆಗ ಕಂಡಿತು.

ನೋಟಾರ್ ಓದುವುದನ್ನು ನಿಲ್ಲಿಸಿದ. ಸಿದ್ದಲಿಂಗೇಶ ಮೇಜಿನ ಕೆಳಗೆ ಅವಳ ಮೊಣಕೈ ತಿವಿದ. “ವಿಜಿ. ಏ ವಿಜಿ.”

ಅವಳು ಧಡಕ್ಕನೆ ಎದ್ದುನಿಂತಳು. “ಬಂದೆ, ಬಂದೆ, ಬೆಲ್ಲು ಕೇಳಿಸಿತು,” ಎಂದು ಜರ್ಮನ್‌ನಲ್ಲಿ ಹೇಳಿದಳು. ಯಾವ ಹಾಸಿಗೆಯ ಕಡೆ ಹೋಗಬೇಕೆಂದು ಸುತ್ತ ನೋಡಿದಳು. ಹಾಸಿಗೆ ಇರಲಿಲ್ಲ. ಮಾರುವವರ ಪಕ್ಕ ಕೂತಿದ್ದ ಬ್ರೋಕರ್ ಹೆಂಗಸು ನಗಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಕೂತುಕೊಳ್ಳಿ,” ಎಂದ ನೋಟಾರ್ ಮೆತ್ತಗೆ. “ನೀವು ಕೇಳಿಸಿಕೊಳ್ಳದ ಪತ್ರಕ್ಕೆ ನಾನು ಸಹಿ ಹಾಕಿಸುವಂತಿಲ್ಲ. ಮತ್ತೆ ಮೊದಲಿಂದ ಓದಲೇ?”

“ಮುಹೂರ್ತ ಹೋಗತದ,” ಎಂದು ಶಿವಪ್ಪನವರು ಅಭ್ಯಾಸಬಲದಿಂದ ಅಂದರು. ಅವರ ದನಿಯಲ್ಲಿ ಜೋರಿರಲಿಲ್ಲ.

“ರೀ,” ಎಂದರು ಬಸಲಿಂಗವ್ವ. “ಸುಮ್ಕ ಕೂಡ್ರಿ.”

ವಿಜಯಶ್ರೀ ಕುಳಿತುಕೊಳ್ಳಲಿಲ್ಲ. ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ಅವಳಿಗೊಂದು ದನಿಯಿದೆ, ಸಣ್ಣಗೆ, ಸ್ಪಷ್ಟವಾಗಿ. ಆ ದನಿಯಲ್ಲಿ ನೋಟಾರ್‌ಗೆ ಹೇಳಿದಳು.

“ಬೇಡ. ನಾನು ಸಹಿ ಹಾಕುವುದಿಲ್ಲ. ನಾನು ಹಗಲು ಮಲಗುವವಳು.”

ನೋಟಾರ್ ಒಂದು ಕ್ಷಣ ನೋಡಿ ಫೈಲು ಮುಚ್ಚಿದ. ಮಾರುವವರು ಎದ್ದು ಕೋಟು ಹಾಕಿಕೊಂಡರು.

ಹೊರಗೆ ಪಾರ್ಕಿಂಗಿನಲ್ಲಿ ಸಿದ್ದಲಿಂಗೇಶ ಕಾರಿನ ಬಾಗಿಲು ಹಿಡಿದು ನಿಂತ. ಕೂಗಬೇಕೆಂದಿದ್ದ, ಕೂಗಲಾಗಲಿಲ್ಲ.

“ಡಿಸೆಂಬರದಾಗ ಎಲ್ಲಿ ಹೋಗೂದು ವಿಜಿ?”

“ಗೊತ್ತಿಲ್ರಿ,” ಎಂದಳು. “ನನಗ ನಿದ್ದಿ ಬಂದದ.”

ಹೆದ್ದಾರಿ ಮುಟ್ಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತು. ಶಿವಪ್ಪನವರ ಫೋನು ಒಮ್ಮೆ ಗಟ್ಟಿಯಾಗಿ ಹೊಡೆದುಕೊಂಡಿತು, ಮಹಾಲಿಂಗಪ್ಪ ಶಾಸ್ತ್ರಿಗಳು. ಶಿವಪ್ಪನವರು ತಡಕಾಡಿ ಅದನ್ನು ಬಂದ್ ಮಾಡಿ, ಸೊಸೆ ಎದ್ದಳೇನೋ ಎಂದು ಮುಂದಿನ ಸೀಟಿನ ಕಡೆ ಬಗ್ಗಿ ನೋಡಿದರು. ಎದ್ದಿರಲಿಲ್ಲ.

ಮನೆ ಬಂತು. ಕೆಳಗಿನ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಹೊರಗೆ ತಂದಿಟ್ಟುಕೊಂಡಿದ್ದರು. ಸಿದ್ದಲಿಂಗೇಶ ಕಾರಿನ ಕೀಲಿಗೆ ಕೈ ಹಾಕಿದ.

“ಬಂದ್ ಮಾಡಬ್ಯಾಡ,” ಎಂದರು ಬಸಲಿಂಗವ್ವ ಪಿಸುಗುಟ್ಟಿ. “ನಿಂತರ ಎಚ್ಚರ ಆಕ್ಕಾಳ. ಒಂದ ಸುತ್ತ ಹಾಕ್ಕೊಂಡ ಬಾ.”

“ಎಲ್ಲಿಗೆ ಬೇ?”

ಹಿಂದಿನಿಂದ ಶಿವಪ್ಪನವರು ಮಗನ ಭುಜದ ಮೇಲೆ ಕೈಯಿಟ್ಟರು. ಡಿಪೋದಲ್ಲಿ ನೂರಾರು ಡ್ರೈವರುಗಳಿಗೆ ದಾರಿ ಕೂಗಿ ಹೇಳಿದ ಮನುಷ್ಯ, ಮಗನ ಕಿವಿಗಷ್ಟೇ ಕೇಳುವಂತೆ ಹೇಳಿದರು.

“ದೊಡ್ಡ ರಸ್ತಾ ಬ್ಯಾಡೋ. ತಗ್ಗು ದಡಕಿ ಇಲ್ಲದ ಸಣ್ಣ ರಸ್ತಾ ಹಿಡಿ. ಸಾವಕಾಶ ಹೋಗು. ಆಕಿ ತಾನಾಗೇ ಏಳೂ ತನಕ ಹೊಡಿ.”

ಸಂಜನಾ ತನ್ನ ಕೋಟು ಬಿಚ್ಚಿ ಅಮ್ಮನ ಕಡೆಯ ಗಾಜಿಗೆ ಬಿಸಿಲು ಬಾರದಂತೆ ಹಿಡಿದಳು. ಸಿದ್ದಲಿಂಗೇಶ ಕಾರನ್ನು ಹಿಂದಕ್ಕೆ ತೆಗೆದು ಮತ್ತೆ ರಸ್ತೆಗೆ ತಂದ.